ಹೊಸ ಲೇತ್ ಟೇಪರ್ ಹೊಡೆಯುತ್ತಿದೆಯೇ? ತಲೆ ಮುಟ್ಟಬೇಡಿ, ಮೊದಲು ಕಾಲು ನೋಡಿ

ಕಬ್ಬಿಣದ ಬಾರ್ ತಿರುಗಿಸಿ ಕಡೆಯುವ ಮಷೀನ್, ಅಂದರೆ ಲೇತ್, ಮನೆಗೆ ಬಂದು ಮೂರನೇ ದಿನ. ಚಕ್‌ನಲ್ಲಿ (ಬಾರನ್ನು ಕಚ್ಚಿ ತಿರುಗಿಸುವ ಹಿಡಿಕೆ) 40 ಮಿ.ಮೀ. ದಪ್ಪದ ಬ್ರೈಟ್ ಬಾರ್ (ನುಣುಪು ಮೈಯ ಉಕ್ಕಿನ ಸರಳು) ಹಿಡಿದು ಸಣ್ಣ ಕಟ್ ಹೊಡೆದೆ. ಫಿನಿಶ್ ಚೆನ್ನಾಗಿಯೇ ಬಂತು. ಮೈಕ್ರೋಮೀಟರ್ ಹಾಕಿದಾಗ ಚಕ್ ಹತ್ತಿರ 39.42, ಅಲ್ಲಿಂದ ನೂರು ಮಿ.ಮೀ. ಆಚೆ ತುದಿಯಲ್ಲಿ 39.46. ಮತ್ತೆ ಹೊಡೆದೆ. ಮತ್ತೆ ಅದೇ 0.04 ವ್ಯತ್ಯಾಸ. ಹೀಗೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಬರುವುದೇ ಟೇಪರ್. ಬೇರಿಂಗ್ ಕೂರಿಸಬೇಕಾದ ಶಾಫ್ಟ್‌ಗೆ ಇದು ತುಂಬಾ ಜಾಸ್ತಿ.

ಚಕ್ ತಿರುಗಿಸುವ ಎಡಗಡೆಯ ತಲೆ, ಅಂದರೆ ಹೆಡ್‌ಸ್ಟಾಕ್, ಓರೆಯಾಗಿ ಬಂದಿದೆ ಅಂದುಕೊಂಡೆ. ಕೆಳಗಿನ ಬೋಲ್ಟ್‌ಗೆ ಅಲೆನ್ ಕೀ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಎದುರು ಮನೆಯ ಹಿರಿಯರು ಗೇಟಿನ ಬಳಿ ಬಂದು ನಿಂತರು. ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರ. 1953ರಲ್ಲಿ ಶುರುವಾದ ಮಷೀನ್ ಟೂಲ್ ಕಾರ್ಖಾನೆ ಎಚ್‌ಎಂಟಿ ಇದ್ದ ಜಾಲಹಳ್ಳಿ ಇಲ್ಲಿಂದ ದೂರವಿಲ್ಲ. ಮಷೀನ್ ಜೊತೆ ಇಡೀ ಆಯುಸ್ಸು ಕಳೆದವರು ಈ ಕಡೆ ಇನ್ನೂ ಸಿಗುತ್ತಾರೆ. ಇವರೂ ಫಿಟ್ಟರ್ ಆಗಿದ್ದವರು. ನನ್ನ ಕೈಯಲ್ಲಿದ್ದ ಕೀ ನೋಡಿ, "ತಲೆ ಆಮೇಲೆ ನೋಡೋಣಪ್ಪಾ, ಮೊದಲು ಕಾಲು ನೋಡು" ಅಂದರು.

ಅವತ್ತು ಆ ಬೋಲ್ಟ್ ಸಡಿಲ ಮಾಡಿದ್ದರೆ ಸರಿಯಾಗಿದ್ದ ಒಂದೇ ಜಾಗವನ್ನೂ ನಾನೇ ಕೆಡಿಸಿರುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನದು ಸ್ವಿಂಗ್ (ತಿರುಗಿಸಬಹುದಾದ ಗರಿಷ್ಠ ವ್ಯಾಸ) 210, ಸೆಂಟರ್ ನಡುವೆ (ಎರಡು ತುದಿಗೆ ಆಸರೆ ಕೊಟ್ಟು ಹಿಡಿಯಬಹುದಾದ ಉದ್ದ) 400 ಮಿ.ಮೀ. ಇರುವ ಬೆಂಚ್ ಲೇತ್. ನಿಮ್ಮದು ಇದಕ್ಕಿಂತ ಚಿಕ್ಕದಿರಲಿ, ದೊಡ್ಡದಿರಲಿ, ಹುಡುಕುವ ಕ್ರಮ ಒಂದೇ.

ಲೇತ್‌ನ ತಪ್ಪೇ ಅಲ್ಲದಿರಬಹುದು

ಫೀಡ್, ಅಂದರೆ ಟೂಲಿನ ಮುನ್ನಡೆ, ಯಾವುದರಿಂದ ಕೊಟ್ಟಿರಿ? ಟೂಲ್ ಪೋಸ್ಟ್ ಕೆಳಗಿನ, ಓರೆಯಾಗಿ ಇಡಬಹುದಾದ ಚಿಕ್ಕ ಕಾಂಪೌಂಡ್ ಸ್ಲೈಡ್ ತಿರುಗಿಸಿ ಉದ್ದಕ್ಕೆ ಕಟ್ ಹೊಡೆದಿದ್ದರೆ ಟೇಪರ್ ಬಂದೇ ಬರುತ್ತದೆ. ಅದರ ಸೊನ್ನೆ ಗುರುತು ಅಷ್ಟು ನಿಖರವಾಗಿ ಇರುವುದಿಲ್ಲ. ಟೂಲನ್ನು ಲೇತ್ ಉದ್ದಕ್ಕೆ ಒಯ್ಯುವ ಕ್ಯಾರೇಜ್ ಓಡಿಸಿಯೇ ಪರೀಕ್ಷೆ ಮಾಡಿ, ಕಾಂಪೌಂಡ್‌ನ ಜಿಬ್ (ಸ್ಲೈಡ್ ಅಲುಗದಂತೆ ಒತ್ತಿ ಹಿಡಿಯುವ ಪಟ್ಟಿ) ಬಿಗಿ ಮಾಡಿಟ್ಟುಬಿಡಿ.

ಎರಡನೆಯದು, ಜಾಬ್ (ಕಡೆಯುತ್ತಿರುವ ತುಂಡು) ಬಾಗುವುದು. ಟೂಲ್ ಒತ್ತಿದಾಗ ಕಬ್ಬಿಣವೂ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೈಕ್ರೋಮೀಟರ್‌ಗೆ ಕಾಣುತ್ತದೆ. ಚಕ್‌ನಿಂದ 150 ಮಿ.ಮೀ. ಹೊರಗಿರುವ 20 ಮಿ.ಮೀ. ಬಾರ್‌ನ ತುದಿಯನ್ನು 50 ನ್ಯೂಟನ್‌ನಲ್ಲಿ, ಅಂದರೆ ಸುಮಾರು ಐದು ಕಿಲೋ ತೂಕದಷ್ಟು, ಪಕ್ಕಕ್ಕೆ ಒತ್ತಿದರೆ ಅದು 0.036 ಮಿ.ಮೀ. ಬಾಗುತ್ತದೆ. ವ್ಯಾಸದಲ್ಲಿ ಅದರ ಎರಡರಷ್ಟು, ಹೆಚ್ಚೂಕಡಿಮೆ 0.07, ತುದಿಯಲ್ಲಿ ದಪ್ಪ ಉಳಿಯುತ್ತದೆ. ಅಷ್ಟೇ ಉದ್ದದ 40 ಮಿ.ಮೀ. ಬಾರ್ ಹಾಕಿದರೆ ಬಾಗುವುದು ಹದಿನಾರನೇ ಒಂದು ಪಾಲು, 0.002 ಮಾತ್ರ. ದಪ್ಪ ಎರಡರಷ್ಟಾದರೆ ಬಿಗಿ ಹದಿನಾರು ಪಟ್ಟು ಹೆಚ್ಚುತ್ತದೆ. ಉದ್ದ ಎರಡರಷ್ಟಾದರೆ ಬಾಗುವುದು ಎಂಟು ಪಟ್ಟು ಹೆಚ್ಚುತ್ತದೆ. ಆದ್ದರಿಂದ ತೆಳ್ಳಗಿನ ಬಾರ್ ಹಿಡಿದು ಲೇತ್ ಮೇಲೆ ತೀರ್ಪು ಕೊಡಬೇಡಿ.

ಚಕ್‌ನ ಔಟ್ (ಬಾರ್ ನಡು ತಪ್ಪಿ ತಿರುಗುವುದು) ಬಗ್ಗೆ ಇಲ್ಲಿ ಚಿಂತೆ ಬೇಡ. ತ್ರೀ ಜಾ ಚಕ್‌ನಲ್ಲಿ 0.05ರಷ್ಟು ಔಟ್ ಇರುವುದು ಮಾಮೂಲು. ಜಾಬ್ ಬಿಚ್ಚದೆ ಒಂದೇ ಹಿಡಿತದಲ್ಲಿ ತಿರುಗಿಸಿದ ಭಾಗ ಚಕ್ ಹೊತ್ತು ತಿರುಗುವ ಸ್ಪಿಂಡಲ್‌ಗೆ ಸರಿಯಾಗಿಯೇ ಇರುತ್ತದೆ. ಅದರಿಂದ ಟೇಪರ್ ಬರುವುದಿಲ್ಲ.

ಎರಡು ಕಾಲರ್ ಪರೀಕ್ಷೆ

ಈ ದೋಷಕ್ಕೆ ನಾನು ಪೂರ್ತಿ ನಂಬುವ ಪರೀಕ್ಷೆ ಇದೊಂದೇ. 40 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಬಾರ್ ತೆಗೆದುಕೊಳ್ಳಿ. ಚಕ್‌ನಿಂದ ಸುಮಾರು 130 ಮಿ.ಮೀ. ಹೊರಗಿರಲಿ. ಬಾರ್‌ನ ಬಲ ತುದಿಗೆ ಆಸರೆ ಕೊಡುವ ಟೈಲ್‌ಸ್ಟಾಕ್ ಬಳಸಬೇಡಿ. ಚಕ್ ಹತ್ತಿರ 15 ಮಿ.ಮೀ. ಅಗಲದ ಒಂದು ಕಾಲರ್ (ಬಳೆಯಂಥ ಉಬ್ಬು), ತುದಿಯಲ್ಲಿ ಇನ್ನೊಂದು ಉಳಿಯುವಂತೆ ನಡುವಿನ ಭಾಗವನ್ನು ಒಂದು ಮಿ.ಮೀ.ನಷ್ಟು ತಗ್ಗಿಸಿ. ಜಾಸ್ತಿ ತಗ್ಗಿಸಿದರೆ ಬಾರ್‌ನ ಬಿಗಿ ಹೋಗುತ್ತದೆ.

ಆಮೇಲೆ ಲೇತನ್ನು ಅರ್ಧ ಗಂಟೆ ಸುಮ್ನೆ ಓಡಲು ಬಿಡಿ. ಬೇರಿಂಗ್ ಬಿಸಿಯಾದ ಮೇಲೆ ಹೆಡ್‌ಸ್ಟಾಕ್ ಸ್ವಲ್ಪ ಹಿಗ್ಗುತ್ತದೆ. ತಣ್ಣಗಿದ್ದಾಗಿನ ಅಳತೆಗೂ ಬಿಸಿಯಾದಾಗಿನ ಅಳತೆಗೂ ಹೋಲಿಕೆ ಮಾಡಲಾಗದು.

ಟೂಲ್ ವಿಷಯದಲ್ಲಿ ನನ್ನ ಆಯ್ಕೆ, ಹೊಸದಾಗಿ ಚೂಪು ಮಾಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್. ಮೂಗು, ಅಂದರೆ ತುದಿಯ ದುಂಡು, ಸಣ್ಣದಿರಲಿ. ದೊಡ್ಡ ಮೂಗಿನ ಕಾರ್ಬೈಡ್ ಇನ್ಸರ್ಟ್ ಸಣ್ಣ ಕಟ್‌ನಲ್ಲಿ ಕತ್ತರಿಸುವ ಬದಲು ಉಜ್ಜುತ್ತದೆ. ಜಾಬನ್ನು ಆಚೆ ತಳ್ಳುತ್ತದೆ. 0.1 ಮಿ.ಮೀ. ಕಟ್ ಕೊಟ್ಟು, ಆಟೋ ಫೀಡ್‌ನಲ್ಲಿ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್ ಮುಟ್ಟದೆ ಎರಡೂ ಕಾಲರ್ ಹೊಡೆಯಿರಿ. ಡಯಲ್ ಅಲುಗಿಸದೆ ಅದೇ ಜಾಗದಲ್ಲಿ ಇನ್ನೊಮ್ಮೆ ಓಡಿಸಿ. ಬಾರ್ ತಣ್ಣಗಾದ ಮೇಲೆ ಮೈಕ್ರೋಮೀಟರ್ ಹಾಕಿ. ವರ್ನಿಯರ್ ಸಾಲದು.

ವ್ಯತ್ಯಾಸ 100 ಮಿ.ಮೀ.ಗೆ 0.01ರ ಒಳಗೆ ಇದ್ದರೆ ಮನೆ ಕೆಲಸಕ್ಕೆ ಖುಷಿಯಾಗಿ ಒಪ್ಪಿಕೊಳ್ಳಿ. ಅದಕ್ಕಿಂತ ಜಾಸ್ತಿ ಇದ್ದರೆ ಯಾವ ಕಾಲರ್ ದಪ್ಪ ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ.

ಬೆಡ್ ಹೇಗೆ ತಿರುಚಿಕೊಳ್ಳುತ್ತದೆ

ಬೆಡ್ ಅಂದರೆ ಹೆಡ್‌ಸ್ಟಾಕ್, ಕ್ಯಾರೇಜ್, ಟೈಲ್‌ಸ್ಟಾಕ್ ಎಲ್ಲವನ್ನೂ ಹೊತ್ತ ಉದ್ದನೆಯ ಅಡಿ. ಅಷ್ಟು ದಪ್ಪದ ಬೀಡು ಕಬ್ಬಿಣ ತಿರುಚಿಕೊಳ್ಳುತ್ತದೆ ಅಂದರೆ ನಂಬಿಕೆ ಬರುವುದಿಲ್ಲ, ಅಲ್ವಾ? ನನಗೂ ಬಂದಿರಲಿಲ್ಲ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಅಲುಗದೆ ಕೂರುತ್ತದೆ. ನಾಲ್ಕು ಕಾಲಿನ ಮಂಚ ಹಾಗಲ್ಲ, ನೆಲ ಸ್ವಲ್ಪ ಏರುಪೇರಾದರೂ ಒಂದು ಕಾಲು ಮೇಲೆ ನಿಲ್ಲುತ್ತದೆ. ಲೇತ್ ಆ ಮಂಚದ ಹಾಗೆ. ಮೇಲೆ ನಿಂತ ಕಾಲನ್ನು ನಾವು ಬೋಲ್ಟ್ ಹಾಕಿ ಕೆಳಗೆ ಎಳೆಯುತ್ತೇವೆ. ಆಗ ಬೆಡ್ ಒದ್ದೆ ಬಟ್ಟೆ ಹಿಂಡಿದ ಹಾಗೆ, ಕೂದಲೆಳೆಯಷ್ಟು, ತಿರುಚಿಕೊಳ್ಳುತ್ತದೆ.

ಟೂಲ್ ತುದಿ ಇರುವುದು ಬೆಡ್‌ನಿಂದ ಸುಮಾರು 105 ಮಿ.ಮೀ. ಮೇಲೆ. ಟೈಲ್‌ಸ್ಟಾಕ್ ಕಡೆ ಬೆಡ್ ನಮ್ಮ ಕಡೆಗೆ ವಾಲಿದ್ದರೆ, ಕ್ಯಾರೇಜ್ ಅಲ್ಲಿಗೆ ಹೋದಾಗ ಟೂಲ್ ಕೂಡ ನಮ್ಮ ಕಡೆಗೆ ವಾಲುತ್ತದೆ. ಅಂದರೆ ಜಾಬ್‌ನಿಂದ ದೂರ ಸರಿಯುತ್ತದೆ. ತುದಿ ದಪ್ಪ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಮುಂದಿನ (ನಮ್ಮ ಕಡೆಯ) ಕಾಲಿಗೂ ಹಿಂದಿನ ಕಾಲಿಗೂ ನಡುವೆ 150 ಮಿ.ಮೀ. ಇದೆ ಅಂದುಕೊಳ್ಳಿ. ಮುಂದಿನ ಕಾಲು 0.1 ಮಿ.ಮೀ. ಕೆಳಗೆ ಹೋದರೆ ಟೂಲ್ ತುದಿ 0.07 ಹೊರಗೆ ಹೋಗುತ್ತದೆ. ಇದು ಟೈಲ್‌ಸ್ಟಾಕ್ ಕಾಲಿನ ಜಾಗದಲ್ಲಿ. ಎಡ ಮತ್ತು ಬಲ ಕಾಲುಗಳ ನಡುವೆ 450 ಮಿ.ಮೀ. ಇದ್ದರೆ 100 ಮಿ.ಮೀ. ಉದ್ದಕ್ಕೆ ಅದರ ಪಾಲು ಸುಮಾರು 0.015. ವ್ಯಾಸದಲ್ಲಿ 0.03. ಒಂದು ಹಾಳೆಯ ದಪ್ಪಕ್ಕೆ ಇಷ್ಟು! ನನ್ನ 0.04 ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ಕಾಲು ಪರೀಕ್ಷೆ

ಪ್ಲಗ್ ತೆಗೆಯಿರಿ. ಡಯಲ್ ಗೇಜ್‌ನ (ಕೂದಲೆಳೆಯಷ್ಟು ಅಲುಗಾಟವನ್ನೂ ಅಳೆಯುವ ಉಪಕರಣ) ಮ್ಯಾಗ್ನೆಟ್ ಬೇಸನ್ನು ಬೆಂಚ್ ಮೇಲೆ ಕೂರಿಸಿ. ಬೆಂಚ್ ಮರದ್ದಾದರೆ ಒಂದು ಕಬ್ಬಿಣದ ತುಂಡು ಕ್ಲಾಂಪ್ ಮಾಡಿ, ಅದರ ಮೇಲೆ ಕೂರಿಸಿ. ಡಯಲ್‌ನ ಮುಳ್ಳು ಒಂದು ಕಾಲಿನ ಮೇಲೆ ತಾಗಲಿ. ಈಗ ಆ ಕಾಲಿನ ಬೋಲ್ಟನ್ನು ಮಾತ್ರ ನಿಧಾನವಾಗಿ ಸಡಿಲ ಮಾಡಿ. ಮುಳ್ಳು 0.02ಕ್ಕಿಂತ ಜಾಸ್ತಿ ಮೇಲೆದ್ದರೆ ಆ ಕಾಲನ್ನು ಬೋಲ್ಟ್ ಬಲವಂತವಾಗಿ ಎಳೆದು ಹಿಡಿದಿತ್ತು ಅಂತ ಅರ್ಥ. ಮತ್ತೆ ಬಿಗಿ ಮಾಡಿ, ಇನ್ನೊಂದು ಕಾಲಿಗೆ ಹೋಗಿ.

ನಾಲ್ಕೂ ಆದ ಮೇಲೆ ಎಲ್ಲ ಬೋಲ್ಟ್ ಸಡಿಲ ಮಾಡಿ ಲೇತನ್ನು ಅದರ ಪಾಡಿಗೆ ಬಿಡಿ. ಪ್ರತಿ ಕಾಲಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. ನನ್ನ ಲೇತ್‌ನಲ್ಲಿ ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ ಕೆಳಗೆ 0.15ರ ಎಲೆ ಸಲೀಸಾಗಿ ಹೋಯಿತು. ಇನ್ನು ಮೂರು ಕಾಲುಗಳ ಕೆಳಗೆ 0.03 ಕೂಡ ಹೋಗಲಿಲ್ಲ. ತುದಿ ದಪ್ಪ, ಮುಂದಿನ ಬಲಗಾಲು ಪೊಳ್ಳು. ಎರಡೂ ಒಂದೇ ಕತೆ ಹೇಳುತ್ತಿದ್ದವು.

ಆ ಕಾಲಿನ ಕೆಳಗೆ 0.15 ಹಿತ್ತಾಳೆ ಶಿಮ್ (ಸಂದು ತುಂಬುವ ತೆಳು ತಗಡು) ಹಾಕಿ, ನಾಲ್ಕೂ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ, ಅಡ್ಡಡ್ಡವಾಗಿ ಬಿಗಿ ಮಾಡಿದೆ. ಕಾಲರ್ ಮತ್ತೆ ಹೊಡೆದೆ. 0.04 ಇದ್ದದ್ದು 0.01ಕ್ಕೆ ಇಳಿಯಿತು. ಇನ್ನೊಂದು 0.03 ಶಿಮ್ ಸೇರಿಸಿದ ಮೇಲೆ ಎರಡೂ ಕಾಲರ್ ನನ್ನ ಮೈಕ್ರೋಮೀಟರ್‌ನಲ್ಲಿ ಒಂದೇ ಅಳತೆ ತೋರಿಸಿದವು. ಹೆಡ್‌ಸ್ಟಾಕ್‌ನ ಒಂದು ಬೋಲ್ಟನ್ನೂ ಸಡಿಲ ಮಾಡಿರಲಿಲ್ಲ.

ನೆನಪಿಡಬೇಕಾದ್ದು ಇಷ್ಟು. ತುದಿ ದಪ್ಪ ಬಂದರೆ ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲು ಎತ್ತಿ. ತುದಿ ಸಣ್ಣ ಬಂದರೆ ಅದೇ ಕಡೆಯ ಹಿಂದಿನ ಕಾಲು ಎತ್ತಿ. ಹೆಡ್‌ಸ್ಟಾಕ್ ಕಡೆಯ ಕಾಲುಗಳನ್ನು ಒಮ್ಮೆ ಗಟ್ಟಿಯಾಗಿ ಕೂರಿಸಿದ ಮೇಲೆ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕಾಲರ್ ಪರೀಕ್ಷೆ. ಎರಡು ಕಡೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಶಿಮ್ ಮತ್ತು ಫೀಲರ್ ಗೇಜ್ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಆ ದಿನಕ್ಕೆ ಶಿಮ್ ಇಲ್ಲದಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಮೈ ಕತ್ತರಿಸಿ ನೋಡಬಹುದು, ಅದು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಕಾಗದ ಮಾತ್ರ ಬೇಡ. ಬೋಲ್ಟ್ ಬಿಗಿಗೆ ಅದು ಜಜ್ಜಿಹೋಗುತ್ತದೆ, ತೇವ ಹೀರುತ್ತದೆ.

ಮಟ್ಟದ ಬಗ್ಗೆ ಒಂದು ತಪ್ಪು ಕಲ್ಪನೆ

ಲೇತ್ ಮಟ್ಟವಾಗಿ ಇರಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮೊದಲ ದಿನ ಇಡೀ ಸಂಜೆ ಗಾರೆ ಕೆಲಸದವರ ರಸಮಟ್ಟ ಇಟ್ಟುಕೊಂಡು ಒದ್ದಾಡಿದ್ದೆ. ನನ್ನ ಲೇತ್ ಇರುವುದು ಕಾರು ನಿಲ್ಲಿಸುವ ಜಾಗದಲ್ಲಿ. ಮಳೆ ನೀರು ಹರಿದು ಹೋಗಲಿ ಅಂತ ಬೆಂಗಳೂರಿನ ಮನೆಗಳಲ್ಲಿ ಈ ನೆಲವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಬೆಂಚ್‌ನ ಕಾಲುಗಳನ್ನು ಸರಿ ಮಾಡಿ ಗುಳ್ಳೆ ನಡುವೆ ತಂದೆ. ಆದರೂ ಮೂರನೇ ದಿನ ಟೇಪರ್ ಬಂದೇ ಬಂತು.

ನಮಗೆ ಬೇಕಿರುವುದು ತಿರುಚು ಇಲ್ಲದ ಬೆಡ್. ಹಡಗುಗಳಲ್ಲೂ ಲೇತ್ ಇರುತ್ತದೆ, ಅಲ್ಲಿ ಮಟ್ಟ ಎಲ್ಲಿಂದ ಬರಬೇಕು? ಇಡೀ ಬೆಡ್ ಒಂದೇ ಕಡೆಗೆ ಒಂದೇ ಸಮ ವಾಲಿದ್ದರೆ ಟೇಪರ್ ಬರುವುದಿಲ್ಲ. ಹೆಡ್‌ಸ್ಟಾಕ್ ಹತ್ತಿರ ಒಂದು ಕೋನ, ಟೈಲ್‌ಸ್ಟಾಕ್ ಹತ್ತಿರ ಇನ್ನೊಂದು ಕೋನ ಇದ್ದರೆ ಮಾತ್ರ ತೊಂದರೆ. ಮಟ್ಟ ಇದ್ದರೆ ಕೂಲೆಂಟ್ ಸರಿಯಾಗಿ ಹರಿಯುತ್ತದೆ, ಗಾಜಿನ ಕಿಂಡಿಯಲ್ಲಿ ಎಣ್ಣೆ ಎಷ್ಟಿದೆ ಅಂತ ಸರಿಯಾಗಿ ಕಾಣುತ್ತದೆ. ಅಷ್ಟಕ್ಕೆ ರಸಮಟ್ಟ ಸಾಕು.

ತಿರುಚು ನೋಡಲು 0.02 ಮಿ.ಮೀ. ಪ್ರತಿ ಮೀಟರ್ ಸೂಕ್ಷ್ಮತೆಯ ಫ್ರೇಮ್ ಲೆವೆಲ್ ಬೇಕು. ಕೊಳ್ಳಲು ದುಬಾರಿ. ಪರಿಚಯದವರ ವರ್ಕ್‌ಶಾಪ್‌ನಿಂದ ಒಂದು ದಿನಕ್ಕೆ ತಂದರೆ ಸಾಕು. ಕ್ರಾಸ್ ಸ್ಲೈಡ್ ಮೇಲೆ ಅಡ್ಡಲಾಗಿ ಇಟ್ಟು, ಕ್ಯಾರೇಜನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ. ಗುಳ್ಳೆ ಎಲ್ಲಿದೆ ಅನ್ನುವುದು ಮುಖ್ಯವಲ್ಲ, ಎಷ್ಟು ಸರಿಯಿತು ಅನ್ನುವುದನ್ನು ಗಮನಿಸಿ. ಲೆವೆಲ್ ಸಿಗದಿದ್ದರೂ ಬೇಸರ ಬೇಡ. ಕೊನೆಯ ಮಾತು ಹೇಳುವುದು ಕಾಲರ್‌ಗಳೇ.

ಕಾಲು ಸರಿ ಇದ್ದೂ ಟೇಪರ್ ಬಂದರೆ

ನಾಲ್ಕೂ ಬೋಲ್ಟ್ ಕೈಬಿಗಿಯಷ್ಟೇ ಇಟ್ಟು, ಪೊಳ್ಳು ಕಾಲಿಗೆ ಶಿಮ್ ತುಂಬಿ, ಕಡಿಮೆ ವೇಗದಲ್ಲಿ 0.05 ಕಟ್ ಹೊಡೆಯಿರಿ. ಬೆಡ್ ಯಾವ ಎಳೆತವೂ ಇಲ್ಲದೆ ಆರಾಮಾಗಿ ಕೂತಿದೆ. ಆಗಲೂ ಅದೇ ಟೇಪರ್ ಬಂದರೆ ಹೆಡ್‌ಸ್ಟಾಕ್ ಮೇಲೆ ಅನುಮಾನ ಪಡಬಹುದು. ಹೊಸ ಮಷೀನ್ ಆದ್ದರಿಂದ ಮೊದಲು ಮಾರಿದವರಿಗೆ ಕಾಲರ್ ಅಳತೆಗಳ ಸಮೇತ ಬರೆದು ತಿಳಿಸಿ. ವಾರಂಟಿ ಇರುವಾಗ ಆ ಬೋಲ್ಟ್ ನೀವೇ ಬಿಚ್ಚಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೆಡ್‌ಸ್ಟಾಕ್ ಬೆಡ್‌ನ ವಿ (V ಆಕಾರದ ಹಳಿ) ಮೇಲೆಯೇ ಕೂತಿದ್ದರೆ ಬೋಲ್ಟ್ ಸಡಿಲ ಮಾಡಿ ತಿರುಗಿಸಿ ಸರಿಮಾಡಲೂ ಆಗುವುದಿಲ್ಲ. ಅಡಿಯಲ್ಲಿ ಕಸ ಅಥವಾ ಬಣ್ಣ ಸಿಕ್ಕಿಕೊಂಡಿದೆಯೇ ನೋಡಬೇಕು, ಇಲ್ಲವೇ ಸ್ಕ್ರೇಪ್ ಮಾಡಬೇಕು, ಅಂದರೆ ಕೈಯಿಂದ ಕೆರೆದು ಸಮ ಮಾಡಬೇಕು. ಅದು ಕೈ ಪಳಗಿದವರ ಕೆಲಸ.

ಟೈಲ್‌ಸ್ಟಾಕ್ ಸೆಂಟರ್ ಹಾಕಿದಾಗ ಮಾತ್ರ ಟೇಪರ್ ಬಂದರೆ ಅದು ಸುಲಭ. ಟೈಲ್‌ಸ್ಟಾಕ್ ಪಕ್ಕದ ಸ್ಕ್ರೂಗಳಿಂದ ಅಡ್ಡಕ್ಕೆ ಸರಿಸಿ. ತುದಿ ದಪ್ಪ ಇದ್ದರೆ ನಿಮ್ಮ ಕಡೆಗೆ, ಸಣ್ಣ ಇದ್ದರೆ ಆಚೆಗೆ, ವ್ಯಾಸದ ವ್ಯತ್ಯಾಸದ ಅರ್ಧದಷ್ಟು. ಆದರೆ ಇದನ್ನು ಬೆಡ್ ಸರಿಯಾದ ಮೇಲೆ ಮಾಡಿ. ಬೆಡ್‌ನ ತಪ್ಪನ್ನು ಟೈಲ್‌ಸ್ಟಾಕ್‌ನಿಂದ ಮುಚ್ಚಿದರೆ ಒಂದು ಉದ್ದದ ಜಾಬ್ ಸರಿ ಬರುತ್ತದೆ, ಇನ್ನೊಂದು ಕೆಡುತ್ತದೆ.

ಗಡಗಡ ಗೆರೆ ಬಂದರೆ

ಮೇಲ್ಮೈಯಲ್ಲಿ ಅಲೆ ಅಲೆ ಗೆರೆ, ಕಿರುಚುವ ಸದ್ದು. ಇದಕ್ಕೆ ಚಾಟರಿಂಗ್ ಅನ್ನುತ್ತಾರೆ. ಹೊಸ ಲೇತ್‌ನಲ್ಲಿ ಹೆಚ್ಚಿನ ಸಲ ಕಾರಣ ಸಡಿಲವಾದ ಜಿಬ್ ಅಥವಾ ಹೊರಗೆ ಉದ್ದಕ್ಕೆ ಚಾಚಿದ ಟೂಲ್. ಟೂಲ್ ಒಳಗೆ ತಳ್ಳಿ, ಎತ್ತರ ಸೆಂಟರ್‌ಗೆ ಸರಿಮಾಡಿ. ಜಿಬ್ ಸ್ಕ್ರೂಗಳನ್ನು ಹ್ಯಾಂಡಲ್ ಸ್ವಲ್ಪ ಬಿಗಿ ಅನ್ನಿಸುವವರೆಗೆ ತಿರುಗಿಸಿ. ಕಾರ್ಖಾನೆಯಲ್ಲಿ ಬಳಿದ ತುಕ್ಕು ತಡೆಯುವ ಅಂಟು ಗ್ರೀಸನ್ನು ಡೀಸೆಲ್‌ನಲ್ಲಿ ಪೂರ್ತಿ ತೊಳೆದು, 68 ನಂಬರ್ ಸ್ಲೈಡ್‌ವೇ ಎಣ್ಣೆ ಹಾಕಿದ ಮೇಲೆಯೇ ಜಿಬ್ ಹೊಂದಿಸಿ. ಆ ಗ್ರೀಸ್ ಇದ್ದಾಗ ಎಲ್ಲವೂ ಬಿಗಿಯಾಗಿಯೇ ಅನ್ನಿಸುತ್ತದೆ.

ಮೋಟರ್ ಗುಯ್‌ಗುಟ್ಟಿ ನಿಂತರೆ

ಸಂಜೆ ಹೊತ್ತು ನನ್ನ ಲೇತ್ ಶುರುವಾಗಲು ತಿಣುಕುತ್ತಿತ್ತು. ಮನೆಯದು ಸಿಂಗಲ್ ಫೇಸ್, 230 ವೋಲ್ಟ್. ಪ್ಲಗ್‌ನಲ್ಲಿ ಮೀಟರ್ 226 ತೋರಿಸುತ್ತಿತ್ತು, ಸರಿಯಾಗಿದೆಯಲ್ಲ ಅಂದುಕೊಂಡೆ. ಅಳೆಯಬೇಕಾದ್ದು ಮೋಟರ್ ಶುರುವಾಗುವ ಆ ಒಂದು ಕ್ಷಣದಲ್ಲಿ, ಮೋಟರ್‌ನ ತುದಿಯಲ್ಲಿ. ಅಲ್ಲಿ 198ಕ್ಕೆ ಬೀಳುತ್ತಿತ್ತು. ನಾನು ಬಳಸಿದ್ದು 20 ಮೀಟರ್ ಉದ್ದದ 1 ಚದರ ಮಿ.ಮೀ. ಎಕ್ಸ್‌ಟೆನ್ಷನ್ ವೈರ್. ಹೋಗಿಬರುವ ದಾರಿ 40 ಮೀಟರ್, ರೆಸಿಸ್ಟೆನ್ಸ್ ಸುಮಾರು 0.7 ಓಮ್. ಶುರುವಾಗುವಾಗ ಮೋಟರ್ 30 ಆಂಪಿಯರ್ ಎಳೆದರೆ 21 ವೋಲ್ಟ್ ಆ ವೈರ್‌ನಲ್ಲೇ ಹೋಯಿತು. ಬೋರ್ಡ್‌ನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಸಿ ಟೈಪ್ ಎಂಸಿಬಿ, ಸರಿಯಾದ ಅರ್ಥಿಂಗ್ ಮಾಡಿಸಿದೆ. ಆ ತೊಂದರೆ ಮತ್ತೆ ಬರಲಿಲ್ಲ.

ವೋಲ್ಟೇಜ್ ಸರಿ ಇದ್ದೂ ಗುಯ್‌ಗುಟ್ಟಿದರೆ ಕೆಪಾಸಿಟರ್ ಅಥವಾ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಹೋಗಿರಬಹುದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಹಳೆಯ ಕಾಲದ ಬಲ್ಬ್ ಒಂದನ್ನು ಅದರ ಎರಡು ತುದಿಗೆ ಮುಟ್ಟಿಸಿ ಖಾಲಿ ಮಾಡದೆ ಕೈ ಹಾಕಲೇಬೇಡಿ.

ಮಳೆಗಾಲದಲ್ಲಿ ಮರಳಿ ಬಂದ ಟೇಪರ್

ಫೆಬ್ರವರಿಯಲ್ಲಿ ಇಷ್ಟೆಲ್ಲ ಸರಿಮಾಡಿ ನೆಮ್ಮದಿಯಾಗಿದ್ದೆ. ಆಗಸ್ಟ್‌ನಲ್ಲಿ ಒಂದು ಬುಷ್ ಮಾಡುವಾಗ ಮತ್ತೆ ಟೇಪರ್, 0.02. ಈ ಸಲ ತುದಿ ಸಣ್ಣ. ಲೇತ್ ಕೆಳಗೆ ನಾನು ಎರಡು ಪದರ 18 ಮಿ.ಮೀ. ಪ್ಲೈವುಡ್ ಹಾಕಿದ್ದೆ. ಎರಡು ತಿಂಗಳ ಮಳೆಯ ತೇವಕ್ಕೆ ಅದು ಉಬ್ಬಿತ್ತು, ಎಲ್ಲ ಕಡೆ ಒಂದೇ ಸಮ ಉಬ್ಬಿರಲಿಲ್ಲ. ಪ್ಲೈವುಡ್ ಒಣಗಿಸಿ ಮತ್ತೆ ಹಾಕುವ ಯೋಚನೆ ಬಂತು. ಎದುರು ಮನೆಯ ಹಿರಿಯರು ಒಪ್ಪಲಿಲ್ಲ. "ಮರ ವರ್ಷಕ್ಕೊಂದು ಸಲ ಉಸಿರಾಡುತ್ತಪ್ಪಾ, ನೀನು ಪ್ರತಿ ವರ್ಷ ಶಿಮ್ ಬದಲಾಯಿಸ್ತೀಯಾ?" ಅಂದರು.

ಕಾಲುಗಳ ಕೆಳಗಿನ ಪ್ಲೈವುಡ್ ಕತ್ತರಿಸಿ ತೆಗೆದೆ. ಆ ಜಾಗದಲ್ಲಿ ಬೆಂಚ್‌ನ ಚೌಕ ಪೈಪಿನ ಫ್ರೇಮ್ ಮೇಲೆ ನೇರವಾಗಿ 12 ಮಿ.ಮೀ. ಎಂ.ಎಸ್. ಪ್ಲೇಟ್ ಕೂರಿಸಿದೆ. ವೆಲ್ಡಿಂಗ್‌ಗೆ ಪ್ಲೇಟ್ ಡೊಂಕಾಗುತ್ತದೆ ಅಂತ ಬೋಲ್ಟ್ ಹಾಕಿಸಿದೆ. ಮತ್ತೆ ಮೊದಲಿನಿಂದ ಕಾಲು ಪರೀಕ್ಷೆ, ಶಿಮ್, ಕಾಲರ್. ಒಂದು ಭಾನುವಾರ ಪೂರ್ತಿ ಹಿಡಿಯಿತು.

ಹೊಸ ಬೆಂಚ್ ಕೂತುಕೊಳ್ಳಲು ಸಮಯ ಬೇಕು. ಒಂದು ವಾರದ ನಂತರ, ಒಂದು ತಿಂಗಳ ನಂತರ, ಮತ್ತೆ ಮಳೆಗಾಲ ಮುಗಿದ ಮೇಲೆ ಕಾಲರ್ ಪರೀಕ್ಷೆ ಮಾಡಿ. ಅದೇ ಬಾರ್ ಎತ್ತಿಟ್ಟುಕೊಂಡರೆ ಪ್ರತಿ ಸಲ 0.1 ತೆಗೆದರೂ ಎಷ್ಟೋ ವರ್ಷ ಬರುತ್ತದೆ. ನನ್ನ ಬಾರ್ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡ್ರಾಯರ್‌ನಲ್ಲಿದೆ. ಅಳತೆಗಳನ್ನು ಲೇತ್ ಹಿಂದಿನ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಕೊನೆಯ ಸಾಲು ಆಯುಧ ಪೂಜೆಯ ಹಿಂದಿನ ದಿನದ್ದು, ಮಷೀನ್ ತೊಳೆದು ಒರೆಸಿದ ಮೇಲೆ ಬರೆದದ್ದು: 100 ಮಿ.ಮೀ.ಗೆ 0.005, ತುದಿ ದಪ್ಪ.